ಕ್ಲೇರ್‌ಮಾಂಟ್ ಎಸ್ಟೇಟಿನ ಒಡೆಯರು

ಇಂಗ್ಲೆಂಡಿನ ಸರ್ರೆ ಕೌಂಟಿಯ ಈಶರ್ ಬಳಿಯಿರುವ ಕ್ಲೇರ್‌ಮಾಂಟ್ ಎಸ್ಟೇಟಿನಲ್ಲಿ ಮೊದಲು ಮನೆ ಕಟ್ಟಿಕೊಂಡವನು ನಾಟಕಕಾರ, ವಾಸ್ತುಶಿಲ್ಪಿ ಜಾನ್ ವ್ಯಾನ್‌ಬ್ರೂ. 1714ರಲ್ಲಿ ಅದನ್ನು ಕೊಂಡ ಕ್ಲೇರ್‌ನ ಅರ್ಲ್ ತನ್ನ ಬಿರುದನ್ನೇ ಜಾಗಕ್ಕೂ ಅಂಟಿಸಿದ. ಮುಂದೆ ನ್ಯೂಕ್ಯಾಸಲ್ ಡ್ಯೂಕ್ ಎನಿಸಿಕೊಂಡು ಎರಡು ಬಾರಿ ಪ್ರಧಾನಿಯಾದ.

1768ರಲ್ಲಿ ಅವನು ತೀರಿಕೊಂಡ ಮೇಲೆ ಆಸ್ತಿಯನ್ನು ಕೊಂಡವನು ಪ್ಲಾಸಿ ಕದನ ಗೆದ್ದ ರಾಬರ್ಟ್ ಕ್ಲೈವ್. ಬಂಗಾಳದಲ್ಲಿ ಬಾಚಿಕೊಂಡ ಹಣವಿತ್ತು, ಖರ್ಚಿಗೆ ಹಿಂಜರಿಕೆಯಿರಲಿಲ್ಲ. ತಗ್ಗಿನ ತೇವದ ನೆಲದಲ್ಲಿದ್ದ ಹಳೆಯ ಮನೆಯನ್ನು ಕೆಡವಿಸಿ, ವಾಸ್ತುಶಿಲ್ಪಿಗಳಾದ ಕೇಪಬಿಲಿಟಿ ಬ್ರೌನ್ ಮತ್ತು ಹೆನ್ರಿ ಹಾಲೆಂಡ್ ಅವರಿಂದ ದಿಬ್ಬದ ಮೇಲೆ ಬಿಳಿ ಇಟ್ಟಿಗೆಯ ಭವನ ಎಬ್ಬಿಸಿದ. ಕಂಬಸಾಲಿನ ಮುಖಮಂಟಪಕ್ಕೆ ಹತ್ತಲು ಅಗಲವಾದ ಮೆಟ್ಟಿಲುಗಳು. ಆದರೆ ಅದರಲ್ಲಿ ಬಾಳುವ ಭಾಗ್ಯ ಅವನಿಗಿರಲಿಲ್ಲ, 1774ರಲ್ಲೇ ಸತ್ತ.

ಹಲವು ಕೈ ದಾಟಿದ ಎಸ್ಟೇಟನ್ನು 1816ರಲ್ಲಿ ಸರ್ಕಾರ ರಾಜಕುಮಾರಿ ಷಾರ್ಲೆಟ್‌ಗಾಗಿ ಖರೀದಿಸಿತು. ಮರುವರ್ಷವೇ ಆಕೆ ಅಲ್ಲಿ ಹೆರಿಗೆಯಲ್ಲಿ ಮೃತಳಾದಳು. ಪದಚ್ಯುತ ಫ್ರೆಂಚ್ ದೊರೆ ಲೂಯಿ ಫಿಲಿಪ್ 1848ರಿಂದ ಅಲ್ಲೇ ಆಶ್ರಯ ಪಡೆದು 1850ರಲ್ಲಿ ಕಣ್ಣುಮುಚ್ಚಿದ. 1882ರಲ್ಲಿ ವಿಕ್ಟೋರಿಯಾ ರಾಣಿ ಅದನ್ನು ಕಿರಿಯ ಮಗ ಲಿಯೊಪೋಲ್ಡ್‌ಗಾಗಿ ಕೊಂಡಳು. ಅವನ ಮಗ ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪಕ್ಷದಲ್ಲಿದ್ದುದರಿಂದ ಆಸ್ತಿ ಕುಟುಂಬದ ಕೈತಪ್ಪಿತು.

1930ರ ದಶಕದಲ್ಲಿ ಭವನ ಶಾಲೆಯಾಯಿತು. ಎಸ್ಟೇಟಿನ ಕೆರೆಯ ಸುತ್ತಲಿನ ತೋಟ 1949ರಲ್ಲಿ ನ್ಯಾಷನಲ್ ಟ್ರಸ್ಟ್‌ಗೆ ಸೇರಿತು.