ಸಂಸದೀಯ ಜ್ಞಾನದ ಕೊಡುಕೊಳೆ: ಬೆನಗಲ್ ನರಸಿಂಗರಾಯರ ನಿದರ್ಶನ

ಯುರೋಪಿನ ರಾಷ್ಟ್ರಗಳು ಒಂದುಗೂಡಲು ಹೊರಟಾಗ ಅವುಗಳ ಶಾಸನಸಭೆಗಳೂ ಒಂದರ ಅನುಭವವನ್ನು ಇನ್ನೊಂದಕ್ಕೆ ಧಾರೆಯೆರೆಯಬೇಕಾಯಿತು. 1952ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮೊದಲ ಬಾರಿಗೆ ಕೂಡಿದ ಕಲ್ಲಿದ್ದಲು-ಉಕ್ಕು ಸಮುದಾಯದ ಸಭೆಯಲ್ಲಿ ಆರು ದೇಶಗಳ ಸಂಸತ್ತುಗಳಿಂದ ಬಂದ 78 ಸದಸ್ಯರಿದ್ದರು. 2004ರಲ್ಲಿ ಹತ್ತು ರಾಷ್ಟ್ರಗಳು ಒಕ್ಕೂಟವನ್ನು ಸೇರುವ ಮುನ್ನ ತಮ್ಮ ಶಾಸನಗಳನ್ನು ಒಕ್ಕೂಟದ ಶಾಸನಕ್ಕೆ ಹೊಂದಿಸಿಕೊಳ್ಳಬೇಕಾಯಿತು. ಹಳೆಯ ಸದಸ್ಯ ರಾಷ್ಟ್ರಗಳ ಅಧಿಕಾರಿಗಳು ನೆರವಿಗೆ ಹೋದರು. ಇಂಥ ಕೊಡುಕೊಳೆಯಲ್ಲಿ ಕೈಗೆ ಬರುವುದೇನು, ಕೈಬಿಟ್ಟು ಹೋಗುವುದೇನು ಎಂಬುದನ್ನರಿಯಲು ದೆಹಲಿಯ ಕನ್ನಡಿಗರು ಅಷ್ಟು ದೂರ ಹೋಗಬೇಕಾದುದಿಲ್ಲ.

ಲೋಧಿ ಕಾಲೋನಿಯ ಸರ್ಕಾರಿ ವಸತಿಗಳು ಇನ್ನೂ ಹೊಸವಾಗಿದ್ದ ದಿನಗಳವು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿ ನಿಯಮಿತರಾದ ಬೆನಗಲ್ ನರಸಿಂಗರಾಯರು ದಕ್ಷಿಣ ಕನ್ನಡದ ಸಾರಸ್ವತ ಮನೆತನದವರು. ಮನೆಮಾತು ಕೊಂಕಣಿಯಾದರೂ ನಮ್ಮ ಕರಾವಳಿಯವರೆಂದು ಹೇಳಿಕೊಳ್ಳಲು ಅಡ್ಡಿಯಿಲ್ಲ. ಅನ್ಯದೇಶಗಳ ರಾಜ್ಯಾಂಗಗಳಿಂದ ಆಯ್ದ ಪೂರ್ವನಿದರ್ಶನಗಳನ್ನು ಅವರು ಪುಸ್ತಿಕೆಗಳಾಗಿ ಅಚ್ಚುಹಾಕಿಸಿ ಸದಸ್ಯರಿಗೆ ಹಂಚಿಸಿದರು. ಪಡೆದುದನ್ನು ಕೊಡುವುದಕ್ಕೂ ಅವರು ಹಿಂಜರಿದವರಲ್ಲ. ಬರ್ಮಾದೇಶದ 1947ರ ರಾಜ್ಯಾಂಗ ರಚನೆಯಲ್ಲಿ ಅವರ ಸಲಹೆಯಿತ್ತು. 1962ರ ಸೇನಾಕ್ರಾಂತಿ ಆ ರಾಜ್ಯಾಂಗವನ್ನೇ ನುಂಗಿತು. ಕರಡು ಎಷ್ಟು ಚೊಕ್ಕವಾಗಿದ್ದರೂ ಕೋವಿಯನ್ನು ತಡೆಯಲಾರದು.

1947ರ ಅಕ್ಟೋಬರಿನಲ್ಲಿ 240 ವಿಧಿಗಳ ಕರಡನ್ನು ಸಿದ್ಧಪಡಿಸಿದ ರಾಯರು ಅಮೆರಿಕ, ಕೆನಡ, ಐರ್ಲೆಂಡು, ಇಂಗ್ಲೆಂಡುಗಳಿಗೆ ಹೊರಟರು. ಗ್ರಂಥಗಳಲ್ಲಿ ದೊರೆಯದುದನ್ನು ರಾಜ್ಯಾಂಗವನ್ನು ನಡೆಸುತ್ತಿದ್ದವರ ಬಾಯಿಂದಲೇ ಕೇಳಬೇಕೆಂಬುದು ಉದ್ದೇಶ. ವಾಷಿಂಗ್ಟನ್ನಿನಲ್ಲಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರರು ಒಂದು ಮಾತನ್ನು ಒತ್ತಿ ಹೇಳಿದರು. ‘ಡ್ಯೂ ಪ್ರೋಸೆಸ್’ ಎಂಬ ಪದಪುಂಜವನ್ನು ರಾಜ್ಯಾಂಗದಲ್ಲಿಟ್ಟರೆ, ಜನಪ್ರತಿನಿಧಿಗಳು ಮಾಡಿದ ಶಾಸನವನ್ನು ಅಳಿಸುವ ಅಧಿಕಾರ ಕೆಲವೇ ನ್ಯಾಯಾಧೀಶರ ಕೈಸೇರುತ್ತದೆ. ಅದು ಪ್ರಜಾಸತ್ತೆಗೆ ಒಪ್ಪದು, ನ್ಯಾಯಾಂಗಕ್ಕೂ ಹೊರೆ. ಅಮೆರಿಕದ ಅನುಭವ ಅಂಥದು. ರೊಟ್ಟಿ ಸುಡುವ ಕಾರ್ಮಿಕರ ದುಡಿಮೆಯ ವೇಳೆಗೆ ಮಿತಿ ಹಾಕಿದ್ದ ನ್ಯೂಯಾರ್ಕಿನ ಶಾಸನವನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1905ರಲ್ಲಿ ಈ ಪದಗಳ ಬಲದಿಂದಲೇ ರದ್ದುಮಾಡಿತ್ತು. ಭೂಸುಧಾರಣೆಯ ಹೊಸ್ತಿಲಲ್ಲಿದ್ದ ಭಾರತಕ್ಕೆ ಈ ಎಚ್ಚರಿಕೆ ನಾಟಿದುದು ಸಹಜವೇ. ಕರಡು ಸಮಿತಿ ಆ ಪದಗಳನ್ನು ತೆಗೆದು, ಜಪಾನಿನ 1946ರ ರಾಜ್ಯಾಂಗದ ಮೇಲ್ಪಂಕ್ತಿಯಂತೆ ‘ಕಾನೂನಿನಿಂದ ಸ್ಥಾಪಿತವಾದ ವಿಧಾನ’ ಎಂದು ಬರೆಯಿತು. ಇಂದಿನ 21ನೆಯ ವಿಧಿಯಲ್ಲಿರುವುದು ಅದೇ.

ಕೊಟ್ಟವರ ಕಷ್ಟ ಕಾರ್ಮಿಕ ಶಾಸನಗಳದು, ಪಡೆದವರ ಮುಂದೆ ಬಂದ ಪ್ರಶ್ನೆ ಸೆರೆಮನೆಯದು. ಈ ಅಂತರವನ್ನು ಸಭೆಯಲ್ಲಿ ಕೆಲವರು ಆಗಲೇ ಕಂಡಿದ್ದರು. ಆ ಅಸಮಾಧಾನವನ್ನು ಮನಗಂಡ ಅಂಬೇಡ್ಕರರು 1949ರ ಸೆಪ್ಟೆಂಬರಿನಲ್ಲಿ, ಬಂಧಿತರಿಗೆ ಕೆಲವು ರಕ್ಷಣೆಗಳನ್ನೀಯುವ ಮತ್ತೊಂದು ವಿಧಿಯನ್ನು ತಂದರು. ಅದು ಸಾಲದೆ ಹೋಯಿತು. ವಿಚಾರಣೆಯಿಲ್ಲದೆ ಬಂಧನದಲ್ಲಿಡುವ 1950ರ ಶಾಸನವನ್ನು ಎ. ಕೆ. ಗೋಪಾಲನ್ ಅವರು ಪ್ರಶ್ನಿಸಿದಾಗ, ಶಾಸನಸಭೆ ವಿಧಿಸಿದ ಕ್ರಮವಿದ್ದರೆ ಸಾಕು, ಅದು ನ್ಯಾಯಸಮ್ಮತವೇ ಎಂದು ತೂಗಿ ನೋಡುವುದು ನ್ಯಾಯಾಲಯದ ಕೆಲಸವಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಬಹುಮತ ಹೇಳಿತು. ಇದೇ ಗೋಪಾಲನ್ನರು 1957ರಿಂದ ಲೋಕಸಭೆಯಲ್ಲಿ ಪ್ರತಿನಿಧಿಸಿದುದು ಕಾಸರಗೋಡನ್ನು ಎಂಬುದು ನಮ್ಮ ಓದುಗರಲ್ಲಿ ಹಲವರಿಗೆ ನೆನಪಿರಬಹುದು.

ರಾಯರನ್ನು ಇದಕ್ಕಾಗಿ ದೂರುವುದು ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ. ಕೇಳಿದ ಮಾತನ್ನು ಅವರು ಸಭೆಯ ಮುಂದಿಟ್ಟರು. ಆಯ್ಕೆ ಸಮಿತಿಯದು, ಸಭೆಯದು. ಎಲ್ಲ ಸಲಹೆಗಳೂ ಅಂಗೀಕೃತವಾಗಲಿಲ್ಲ. ನಿರ್ದೇಶಕ ತತ್ತ್ವಗಳನ್ನು ಜಾರಿಗೆ ತರುವ ಶಾಸನವನ್ನು ಮೂಲಭೂತ ಹಕ್ಕಿನ ಹೆಸರಿನಲ್ಲಿ ಅಳಿಸಬಾರದೆಂದು ಅವರು ಸೂಚಿಸಿದುದನ್ನು ಸಮಿತಿ ಒಪ್ಪಲಿಲ್ಲ. ಯುರೋಪಿನ ಒಕ್ಕೂಟವನ್ನು ಸೇರಬಯಸುವ ರಾಷ್ಟ್ರಕ್ಕೆ ಹೀಗೆ ಆರಿಸಿ ಬಿಡುವ ಸ್ವಾತಂತ್ರ್ಯ ಅತ್ಯಲ್ಪ. ಅಲ್ಲಿಯ ಶಾಸನರಾಶಿಯನ್ನು ಇಡಿಯಾಗಿ ಒಪ್ಪಬೇಕು.

ರಾಯರು 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು, ಮರುವರ್ಷವೇ ತೀರಿಕೊಂಡರು. ಅವರು ಕೇಳಿಬಂದ ಮಾತಿನಿಂದ ಬದಲಾದ 21ನೆಯ ವಿಧಿಗೆ 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಬೇರೆಯೇ ಅರ್ಥ ಕೊಟ್ಟಿತು: ಕಾನೂನು ಹಾಕಿಕೊಟ್ಟ ಕ್ರಮ ನ್ಯಾಯವೂ ಯುಕ್ತವೂ ಆಗಿರತಕ್ಕದ್ದು. ವಾಷಿಂಗ್ಟನ್ನಿನಲ್ಲಿ ಬೇಡವೆಂದು ಕೇಳಿಬಂದುದು ಮೂವತ್ತು ವರ್ಷಗಳ ಮೇಲೆ, ಒಂದಕ್ಷರವೂ ಬದಲಾಗದೆ, ದೆಹಲಿಯ ತಿಲಕ್ ಮಾರ್ಗದಲ್ಲಿ ಒಳಗೆ ಬಂದಿತು.