ಎಸ್.ವಿ. ಸುನಿಲ್: ಸೋಮವಾರಪೇಟೆಯ ಬಿದಿರು ಕೋಲಿನಿಂದ ಕೆಂಗೇರಿ ಬಳಿಯ ಶಿಬಿರಕ್ಕೆ

ಭಾರತ ಹಾಕಿ ತಂಡದ ಮುಂಚೂಣಿ ಆಟಗಾರರಾಗಿ 2007ರಿಂದ 2021ರವರೆಗೆ ಆಡಿದ ಎಸ್.ವಿ. ಸುನಿಲ್ ಕೊಡಗು ಜಿಲ್ಲೆಯ ಸೋಮವಾರಪೇಟೆಯವರು. ಪೂರ್ಣ ಹೆಸರು ಸೋಮವಾರಪೇಟೆ ವಿಠ್ಠಲಾಚಾರ್ಯ ಸುನಿಲ್. ಜನನ 1989ರ ಮೇ 6. 264 ಅಂತಾರಾಷ್ಟ್ರೀಯ ಪಂದ್ಯ, 72 ಗೋಲು, ಎರಡು ಒಲಿಂಪಿಕ್ಸ್, ಒಂದು ಅರ್ಜುನ ಪ್ರಶಸ್ತಿ. ಭಾರತೀಯ ಹಾಕಿ ಪಾತಾಳಕ್ಕಿಳಿದು ಮತ್ತೆ ಮೇಲೆದ್ದು ನಿಂತ ಕಾಲವೂ ಇದೇ ಹದಿನಾಲ್ಕು ವರ್ಷಗಳದು. ಆ ಏರುದಾರಿಯುದ್ದಕ್ಕೂ ಓಡಿದ ಸುನಿಲ್, ನಾಲ್ಕು ದಶಕಗಳ ಬಳಿಕ ಒಲಿಂಪಿಕ್ ಪದಕ ಕೈಗೆ ಬಂದ ದಿನ ತಂಡದಲ್ಲಿರಲಿಲ್ಲ.

ಕೊಡಗಿನ ಹಾಕಿ ಎಂದೊಡನೆ ನೆನಪಾಗುವುದು ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವ. ಸುನಿಲ್ ಆ ಮನೆತನಗಳ ವಲಯದಿಂದ ಬಂದವರಲ್ಲ. ತಂದೆ ವಿಠ್ಠಲಾಚಾರ್ಯರು ಮರಗೆಲಸದವರು. ತಾಯಿ ತೀರಿಕೊಂಡಾಗ ಬಾಲಕನಿಗಿನ್ನೂ ನಾಲ್ಕು ವರ್ಷ. ಹಾಕಿ ಸ್ಟಿಕ್ ಕೊಳ್ಳುವ ಅನುಕೂಲವಿಲ್ಲದ ಮನೆಯ ಹುಡುಗ ಬಿದಿರಿನ ಕೋಲು ಹಿಡಿದು ಆಟ ಕಲಿತ. ಅದೇ ಸೋಮವಾರಪೇಟೆಯ ಅರ್ಜುನ್ ಹಾಲಪ್ಪ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಡಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಸಣ್ಣ ಊರಿನ ಹುಡುಗರಿಗೆ ದಾರಿ ಇದೆ ಎಂಬ ನಂಬಿಕೆ ಬರಲು ಇಂಥ ಒಬ್ಬರು ಸಾಕು.

ಹದಿನೆಂಟರ ಹರೆಯದಲ್ಲಿ, 2007ರ ಚೆನ್ನೈ ಏಷ್ಯಾ ಕಪ್‌ನಲ್ಲಿ, ಸುನಿಲ್ ಭಾರತ ತಂಡಕ್ಕೆ ಪದಾರ್ಪಣೆ ಮಾಡಿದರು. ಫೈನಲ್‌ನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 7-2ರಿಂದ ಮಣಿಸಿತು. ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. 2008ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ನಡೆದ ಅರ್ಹತಾ ಟೂರ್ನಿಯಲ್ಲಿ ಬ್ರಿಟನ್‌ಗೆ ಸೋತ ಭಾರತ, 1928ರ ನಂತರ ಮೊದಲ ಬಾರಿಗೆ ಒಲಿಂಪಿಕ್ಸ್ ಹಾಕಿಯಿಂದ ಹೊರಗುಳಿಯಿತು.

2009ರಲ್ಲಿ ಮಲೇಷ್ಯಾದ ಇಪೋದಲ್ಲಿ ಸುಲ್ತಾನ್ ಅಜ್ಲಾನ್ ಷಾ ಕಪ್ ನಡೆಯುತ್ತಿದ್ದಾಗ ತಂದೆಯ ನಿಧನದ ಸುದ್ದಿ ತಲುಪಿತು. ಸುನಿಲ್ ಊರಿಗೆ ಮರಳದೆ ತಂಡದೊಂದಿಗೇ ಉಳಿದರು. 1995ರ ನಂತರ ಮೊದಲ ಬಾರಿಗೆ ಆ ಕಪ್ ಭಾರತದ ಪಾಲಾಯಿತು. ಅವರ ಕುರಿತ ಬರಹಗಳಲ್ಲೆಲ್ಲ ಈ ಪ್ರಸಂಗವನ್ನು ತ್ಯಾಗವೆಂದು ಕೊಂಡಾಡುವುದು ವಾಡಿಕೆ. ಹತ್ತೊಂಬತ್ತು ವರ್ಷದ ಹುಡುಗನೊಬ್ಬ ತಂದೆಯ ಅಂತ್ಯಕ್ರಿಯೆಗೂ ಇರದೇ ಹೋದ ಸಂಕಟವನ್ನು ಅಷ್ಟು ಸುಲಭವಾಗಿ ಹೊಗಳಿಕೆಯಾಗಿ ಮಾರ್ಪಡಿಸಬಾರದೇನೋ.

ಈ ವರ್ಷಗಳಲ್ಲಿ ಸುನಿಲ್ ಅವರ ಬದುಕಿನ ಬಹುಭಾಗ ಕಳೆದದ್ದು ಪಶ್ಚಿಮ ಬೆಂಗಳೂರಿನಲ್ಲಿ. ಮೈಸೂರು ರಸ್ತೆಯಲ್ಲಿ ಕೆಂಗೇರಿಗೆ ಮೊದಲು ಸಿಗುವ ಜ್ಞಾನಭಾರತಿ ಆವರಣದ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವು ರಾಷ್ಟ್ರೀಯ ಹಾಕಿ ಶಿಬಿರಗಳ ಪ್ರಮುಖ ನೆಲೆ. ಆ ರಸ್ತೆಯಲ್ಲಿ ನಿತ್ಯ ಓಡಾಡುವವರಲ್ಲಿ ಎಷ್ಟೋ ಮಂದಿಗೆ, ದೇಶದ ತಂಡ ಅಲ್ಲೇ ಪಕ್ಕದಲ್ಲಿ ಬೆವರು ಸುರಿಸುತ್ತಿರುತ್ತದೆ ಎಂಬುದು ತಿಳಿದಿರಲಾರದು. ಊರು ಇರುವುದು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ. ಶಿಬಿರದ ಆಟಗಾರನಿಗೆ ಅದೇ ರಾಜ್ಯದ ಮನೆಯೂ ರಜೆಯಲ್ಲಷ್ಟೇ ಸಿಗುವ ಮನೆ.

ಸುನಿಲ್ ಅವರ ಬಂಡವಾಳ ವೇಗ. ಬಲ ಅಂಚಿನಲ್ಲಿ ಚೆಂಡನ್ನು ಮುಂದಕ್ಕೆ ತಳ್ಳಿ, ಎದುರಾಳಿ ರಕ್ಷಕ ತಿರುಗುವಷ್ಟರಲ್ಲಿ ಅವನನ್ನು ದಾಟಿ, ವೃತ್ತದೊಳಕ್ಕೆ ಪಾಸ್ ನೀಡುವುದು ಅವರ ಕೆಲಸ. ಫ್ರೀಹಿಟ್ ಪಡೆದವನು ಚೆಂಡನ್ನು ತಾನೇ ಮುಂದಕ್ಕೊಯ್ಯಬಹುದೆಂಬ 2009ರ ನಿಯಮ, ಎರಡು ಅವಧಿಗಳ ಬದಲು ಹದಿನೈದು ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳನ್ನು 2014ರಿಂದ ಜಾರಿಗೆ ತಂದ ಬದಲಾವಣೆ – ಇವೆರಡೂ ಇಂಥ ಓಟಗಾರರಿಗೆ ಒದಗಿ ಬಂದವು. ಗೋಲುಗಳ ಎಣಿಕೆಯಿಂದ ಮಾತ್ರ ಈ ಆಟವನ್ನು ಅಳೆಯುವುದು ಸರಿಯಲ್ಲ. ಅಂಚಿನ ಆಟಗಾರ ಸೃಷ್ಟಿಸಿದ ಅವಕಾಶ ದಾಖಲಾಗುವುದು ಹೆಚ್ಚಾಗಿ ಬೇರೊಬ್ಬನ ಹೆಸರಿನಲ್ಲಿ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಎಲ್ಲ ಪಂದ್ಯಗಳನ್ನೂ ಸೋತು ಹನ್ನೆರಡನೆಯ, ಅಂದರೆ ಕೊನೆಯ ಸ್ಥಾನ ಪಡೆಯಿತು. ಅಲ್ಲಿಂದಾಚೆಗೆ ಏರುಗತಿ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಸೋಲಿಸಿ ಚಿನ್ನ, 2016ರ ಲಂಡನ್ ಚಾಂಪಿಯನ್ಸ್ ಟ್ರೋಫಿಯಲ್ಲಿ ಬೆಳ್ಳಿ. ಅದೇ ವರ್ಷದ ರಿಯೊ ಒಲಿಂಪಿಕ್ಸ್ ತಂಡದ ಹದಿನಾರು ಮಂದಿಯಲ್ಲಿ ನಾಲ್ವರು ಕರ್ನಾಟಕದವರು: ಸುನಿಲ್, ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ. ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂಗೆ ಸೋತು ಆ ಯಾತ್ರೆ ಮುಗಿಯಿತು. 2016ರ ಸಾಧನೆಗಾಗಿ ಏಷ್ಯಾದ ವರ್ಷದ ಆಟಗಾರ ಗೌರವ, 2017ರಲ್ಲಿ ಅರ್ಜುನ ಪ್ರಶಸ್ತಿ ಸಂದವು.

ಅನಂತರ ಮೊಣಕಾಲು ಕೈಕೊಟ್ಟಿತು. ಗಾಯದಿಂದಾಗಿ 2018ರ ಕೊನೆಯಲ್ಲಿ ಭುವನೇಶ್ವರದಲ್ಲಿ, ತವರು ಪ್ರೇಕ್ಷಕರೆದುರು ನಡೆದ ವಿಶ್ವಕಪ್ ತಪ್ಪಿತು. ಛಲ ಬಿಡದೆ ಮರಳಿದ ಅವರು, 2019ರ ನವೆಂಬರ್‌ನಲ್ಲಿ ಅದೇ ಭುವನೇಶ್ವರದಲ್ಲಿ ರಷ್ಯಾ ವಿರುದ್ಧದ ಒಲಿಂಪಿಕ್ ಅರ್ಹತಾ ಸುತ್ತಿನ ತಂಡದಲ್ಲಿದ್ದರು. 4-2, 11-1ರ ಗೆಲುವುಗಳೊಂದಿಗೆ ಭಾರತಕ್ಕೆ ಟೋಕಿಯೊ ಟಿಕೆಟ್ ದೊರೆಯಿತು. ಕೋವಿಡ್ ಕಾರಣ ಕ್ರೀಡಾಕೂಟ ಒಂದು ವರ್ಷ ಮುಂದಕ್ಕೆ ಹೋಯಿತು. ಮೂವತ್ತು ದಾಟಿದ ಓಟಗಾರನಿಗೆ ಒಂದು ವರ್ಷವೆಂದರೆ ಸಣ್ಣ ಅವಧಿಯಲ್ಲ. 2021ರ ಜೂನ್‌ನಲ್ಲಿ ಪ್ರಕಟವಾದ ತಂಡದಲ್ಲಿ ಸುನಿಲ್ ಹೆಸರಿರಲಿಲ್ಲ. ಕರ್ನಾಟಕದ ಬೇರೊಬ್ಬ ಆಟಗಾರನ ಹೆಸರೂ ಇರಲಿಲ್ಲ. ಆಗಸ್ಟ್ 5ರಂದು ಭಾರತ ಜರ್ಮನಿಯನ್ನು 5-4ರಿಂದ ಸೋಲಿಸಿ, 1980ರ ನಂತರದ ಮೊದಲ ಒಲಿಂಪಿಕ್ ಪದಕವಾಗಿ ಕಂಚು ಗೆದ್ದಿತು.

ಎರಡು ತಿಂಗಳೂ ಕಳೆದಿರಲಿಲ್ಲ. ಅಕ್ಟೋಬರ್ 1ರಂದು ಸುನಿಲ್ ನಿವೃತ್ತಿ ಘೋಷಿಸಿದರು. ರಾಷ್ಟ್ರೀಯ ಶಿಬಿರಕ್ಕೆ ಇನ್ನು ಲಭ್ಯನಿಲ್ಲವೆಂದು ತಿಳಿಸಿದ ಅವರು, ಐವರ ಹಾಕಿಯಂತಹ ಚುಟುಕು ಮಾದರಿಗೆ ಕರೆದರೆ ಬರುವೆನೆಂದೂ ಹೇಳಿದ್ದರು.