ಎಂಜಿನಿಯರಿಂಗ್ ವಿದ್ಯೆಯಲ್ಲಿ ಫಲನಿರ್ಣಯದ ಪದ್ಧತಿ

ವಿದ್ಯಾರ್ಥಿಗೆ ಎಷ್ಟು ಪಾಠವನ್ನು ಹೇಳಲಾಯಿತೆಂಬುದು ಒಂದು ವಿಚಾರ. ಪಾಠವು ಮುಗಿದ ಬಳಿಕ ಅವನು ಏನನ್ನು ಮಾಡಬಲ್ಲನೆಂಬುದು ಬೇರೊಂದು ವಿಚಾರ. ಎಂಜಿನಿಯರಿಂಗ್ ಕಾಲೇಜುಗಳ ಯೋಗ್ಯತೆಯು ಬಹುಕಾಲ ಮೊದಲನೆಯದರಿಂದಲೇ ನಿರ್ಣಯಿಸಲ್ಪಡುತ್ತಿದ್ದಿತು. ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1932ರಲ್ಲಿ ಎಂಜಿನಿಯರರ ಸಂಘಗಳು ಕೂಡಿ ಒಂದು ಪರಿಷತ್ತನ್ನು ಸ್ಥಾಪಿಸಿದುವು. 1980ರಲ್ಲಿ ಅದಕ್ಕೆ 'ಎಬೆಟ್' ಎಂಬ ಹೆಸರಾಯಿತು. ಅದರ ಪರೀಕ್ಷಕರು ಗಣಿತಕ್ಕೆಷ್ಟು ಕಾಲ, ಪ್ರಯೋಗಶಾಲೆಯಲ್ಲಿ ಏನೇನು ಉಪಕರಣ, ಅಧ್ಯಾಪಕರೆಷ್ಟು ಮಂದಿ ಎಂದು ಲೆಕ್ಕ ನೋಡುತ್ತಿದ್ದರು. ಲೆಕ್ಕವೆಲ್ಲ ಸರಿಯಾಗಿದ್ದರೂ, ಪದವೀಧರನು ನಾಲ್ವರೊಡನೆ ಕೂಡಿ ಕೆಲಸಮಾಡಲಾರನು, ತನ್ನ ಯೋಜನೆಯನ್ನು ಇತರರಿಗೆ ತಿಳಿಯುವಂತೆ ವಿವರಿಸಲಾರನು ಎಂದು ಕಾರ್ಖಾನೆಗಳವರು ಆಕ್ಷೇಪಿಸಿದರು.

ಆದುದರಿಂದ 1996ರಲ್ಲಿ ಎಬೆಟ್ ಹೊಸ ನಿಯಮಾವಳಿಯನ್ನು ಅಂಗೀಕರಿಸಿತು. ವಿದ್ಯಾರ್ಥಿಯಲ್ಲಿ ಕಾಣಬೇಕಾದ 11 ಫಲಗಳನ್ನು ಅದು ಎಣಿಸಿತು: ಪ್ರಯೋಗ, ವಿನ್ಯಾಸಗಳ ಸಾಮರ್ಥ್ಯದೊಡನೆ ಸಹಕಾರ, ವೃತ್ತಿಧರ್ಮ, ಯಾವಜ್ಜೀವ ಕಲಿಕೆಗಳೂ ಅವುಗಳಲ್ಲಿ ಸೇರಿದ್ದುವು. ಈ ಭಾವನೆಯು ಆಗ ಹೊಸದಾಗಿ ಹುಟ್ಟಿದುದಲ್ಲ. ಬೋಧನೆಗೆ ಮೊದಲು ಅದರ ಉದ್ದೇಶವು ಸ್ಪಷ್ಟವಾಗಬೇಕೆಂದು ರಾಲ್ಫ್ ಟೈಲರರು 1949ರಲ್ಲಿಯೇ ಪ್ರತಿಪಾದಿಸಿದ್ದರು. ಬೆಂಜಮಿನ್ ಬ್ಲೂಮರೂ ಅವರ ಸಂಗಡಿಗರೂ 1956ರಲ್ಲಿ ಜ್ಞಾನದಿಂದ ತೊಡಗಿ ಮೌಲ್ಯನಿರ್ಣಯದವರೆಗೆ ಆರು ಮೆಟ್ಟಿಲುಗಳನ್ನು ಗುರುತಿಸಿದ್ದರು. ಕಂಠಪಾಠವೊಂದನ್ನೇ ಪಾಂಡಿತ್ಯವೆಂದೆಣಿಸದೆ ವಾಕ್ಯಾರ್ಥದಲ್ಲಿ ಶಿಷ್ಯನನ್ನು ಪರೀಕ್ಷಿಸಿದ ನಮ್ಮ ಪಾಠಶಾಲೆಗಳವರಿಗೆ ಈ ಮೆಟ್ಟಿಲುಗಳು ಅಪರಿಚಿತವೆನಿಸಲಾರವು.

ಅಷ್ಟರಲ್ಲಿ 1989ರಲ್ಲಿಯೇ ಆರು ದೇಶಗಳ ಮನ್ನಣೆ ಸಂಸ್ಥೆಗಳು ವಾಷಿಂಗ್ಟನ್ ಒಪ್ಪಂದವನ್ನು ಮಾಡಿಕೊಂಡು, ಒಬ್ಬರು ಮನ್ನಿಸಿದ ಶಿಕ್ಷಣಕ್ರಮವನ್ನು ಇತರರೂ ಮನ್ನಿಸುವುದೆಂದು ನಿಶ್ಚಯಿಸಿದ್ದುವು. ಭಾರತದಲ್ಲಿ 1994ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮಾನ್ಯತಾ ಮಂಡಲಿಯು 2014ರ ಜೂನ್ 13ರಂದು ಅದರ ಪೂರ್ಣ ಸದಸ್ಯತ್ವವನ್ನು ಪಡೆಯಿತು. ಆದರೆ ಸ್ವಂತ ಪಾಠಕ್ರಮವನ್ನು ರಚಿಸಿಕೊಳ್ಳುವ ಅಧಿಕಾರವುಳ್ಳ ಸಂಸ್ಥೆಗಳಿಗೆ ಮಾತ್ರವೇ ಆ ಅಂತರರಾಷ್ಟ್ರೀಯ ಮನ್ನಣೆಯು ಸಲ್ಲುವಂತಾಯಿತು. ಹಳ್ಳಿಯಿಂದ ಬಂದು ವಿಶ್ವವಿದ್ಯಾಲಯದ ಪಾಠಕ್ರಮಕ್ಕೆ ಬದ್ಧವಾದ ಕಾಲೇಜಿನಲ್ಲಿ ಓದಿದ ಹುಡುಗನು ಎಷ್ಟೇ ಸಮರ್ಥನಾಗಿದ್ದರೂ ಅದರ ಹೊರಗೇ ಉಳಿದನು. ಇದು ಸಣ್ಣ ವಿಷಯವಲ್ಲ.

ಕನ್ನಡನಾಡಿನಲ್ಲಿ 1947ರಲ್ಲಿ ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜೂ 1963ರಲ್ಲಿ ತುಮಕೂರಿನ ಸಿದ್ಧಗಂಗಾ ಮಠದ ಆಶ್ರಯದಲ್ಲಿ ಎಂಜಿನಿಯರಿಂಗ್ ಕಾಲೇಜೂ ಹುಟ್ಟಿದಾಗ ವಿದ್ಯೆಯನ್ನು ದೊರಕಿಸುವುದೇ ದೊಡ್ಡ ಸಾಧನೆಯಾಗಿದ್ದಿತು. ಈಗ ಅಧ್ಯಾಪಕನು ಪ್ರತಿ ಪಾಠದ ಫಲವನ್ನು ಮೊದಲೇ ಬರೆದು, ಅದು ಪದವಿಯ ಫಲಗಳಿಗೆ ಎಷ್ಟು ಸಂಬಂಧಿಸಿದೆಯೆಂದು 1, 2, 3 ಎಂಬ ಅಂಕಗಳಿಂದ ಪಟ್ಟಿಯಲ್ಲಿ ತುಂಬಬೇಕು. ಪರೀಕ್ಷೆಯ ಅಂಕಗಳಿಂದ ಸಿದ್ಧಿಯನ್ನು ಗಣಿಸಬೇಕು. ತೊಲೆಯ ಮೇಲಿನ ಭಾರವನ್ನು ಗಣಿಸಬಲ್ಲವನು ಯಾರೆಂದು ಈ ಪಟ್ಟಿಯಿಂದ ತಿಳಿಯಬಹುದು. ಆದರೆ ವೃತ್ತಿಧರ್ಮದ ಕೋಷ್ಠದಲ್ಲಿ 3 ಎಂದು ಬರೆಯುವವನು ಅದನ್ನು ಏನನ್ನು ಕಂಡು ಬರೆಯುತ್ತಾನೆಂಬುದನ್ನು ಪರಿಶೀಲಕರು ಕೇಳಿಯೇ ತಿಳಿಯಬೇಕಾಗಿದೆ.